ದ್ವೀಪದಲ್ಲಿ ಕಳೆದ ಬೇಸಗೆ

ದ್ವೀಪವೆಂದೊಡನೆ ಓದಿದವರ ಮನಸ್ಸು ಸಮುದ್ರದ ಕಡೆಗೆ ಓಡುತ್ತದೆ. ನಾಲ್ಕು ದಿಕ್ಕಿಗೂ ನೀಲಿ ನೀರು, ನಡುವೆ ಬಿಳಿಯ ಮರಳು, ದೂರದಲ್ಲೊಂದು ಹಡಗು, ಇಷ್ಟಿದ್ದರೆ ದ್ವೀಪ. ಮಂಡ್ಯದ ಸೀಮೆಯ ಮಕ್ಕಳು ಮಾತ್ರ ದ್ವೀಪವನ್ನು ಕಾಣಲು ಕಡಲಿನವರೆಗೆ ಹೋಗಬೇಕಾಗಿಲ್ಲ. ಕಾವೇರಿಯು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆದು, ಸುಮಾರು ಮೂರು ಮೈಲಿ ಉದ್ದದ ನೆಲವನ್ನು ತನ್ನೆರಡು ತೋಳುಗಳಲ್ಲಿ ಬಳಸಿಕೊಂಡು, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ಆ ತೋಳುಗಳ ನಡುವೆ ರಂಗನಾಥಸ್ವಾಮಿಯ ಗುಡಿಯಿದೆ, ಕೋಟೆಯಿದೆ, ಗಂಜಾಮಿನ ತೋಟಗಳಿವೆ. ಎಷ್ಟೋ ಮನೆತನಗಳ ಪಾಲಿಗೆ ಅಜ್ಜಿಯ ಮನೆಯೂ ಇದೆ. ನಾಗಮಂಗಲದಂತಹ ಬಯಲು ಸೀಮೆಯಲ್ಲಿ ಬಾವಿಗಳು ಬತ್ತುವ ವೇಳೆಗೆ ಹೊಳೆಯ ನಡುವಿನ ಅಜ್ಜಿಯ ಮನೆಯನ್ನು ನೆನೆದು ದಿನ ಎಣಿಸುತ್ತಿದ್ದ ಮಕ್ಕಳ ಭಾಗ್ಯವನ್ನು ಬೇರೆ ಮಾತಿನಲ್ಲಿ ಹೇಳುವುದು ಕಷ್ಟ.

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಕಡೆಯ ಒಂದು ಹಳ್ಳಿಯಲ್ಲಿ, ತೊಟ್ಟಿಯ ಮನೆಯೊಂದರ ಹಜಾರದಲ್ಲಿ, ಒಂದು ಸಂಜೆ ಮೂರು ತಲೆಮಾರಿನವರು ಸೇರಿದ್ದರು. ಮನೆಯ ಯಜಮಾನಿತಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಊರವರಿಗೆಲ್ಲ ಆಕೆ ‘ಅಕ್ಕ’. ನಾಗಮಂಗಲದಲ್ಲಿ ಬೆಳೆದು, 1974ರಲ್ಲಿ ಮದುವೆಯಾಗಿ ಈ ಹಳ್ಳಿಗೆ ಬಂದವರು. ಅವರನ್ನು ನೋಡಿಹೋಗಲು ಮೈಸೂರಿನಿಂದ ತಮ್ಮ ಬಂದಿದ್ದರು. ತಮ್ಮನಾದರೂ ಆತನಿಗೂ ಅರವತ್ತೇಳು ದಾಟಿದೆ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದ ಮೇಷ್ಟರು. ಎಲ್ಲರ ಕೈಯಲ್ಲೂ ಸರದಿಯ ಮೇಲೆ ತಿರುಗುತ್ತಿದ್ದುದು ಒಂದು ಮೊಬೈಲು. ಅಕ್ಕನ ಹಿರಿಯ ಮೊಮ್ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ರಜಕ್ಕೆಂದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಹೋಗಿದ್ದವನು ಅಲ್ಲಿಂದ ಚಿತ್ರಗಳನ್ನು ಕಳುಹಿಸಿದ್ದ. ಒಂದಲ್ಲ, ಎರಡಲ್ಲ, ನೂರಾರು. ಜೇನಿನ ಬಣ್ಣದ ಕಲ್ಲಿನ ಮನೆಗಳು, ವ್ಯಾಲೆಟ್ಟಾದ ಕೋಟೆಗೋಡೆಗಳು, ಬಣ್ಣ ಬಳಿದ ದೋಣಿಗಳು, ಊಟದ ತಟ್ಟೆಗಳು, ಮತ್ತೆ ಊಟದ ತಟ್ಟೆಗಳು.

ಮೇಷ್ಟರಿಗೆ ಕೋಟೆ ಕಂಡರೆ ಸುಮ್ಮನಿರಲಾಗದು. “1798ರ ಜೂನ್ ತಿಂಗಳಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಈ ದ್ವೀಪವನ್ನು ಹಿಡಿದ. ಅವನು ಈ ಕಡೆಗೆ ಬಂದಾನೆಂಬ ಭಯದಿಂದ ಇಂಗ್ಲಿಷರು ಆತುರಪಟ್ಟರು. ಮರುವರ್ಷ ಮೇ ನಾಲ್ಕರಂದು ನಮ್ಮ ದ್ವೀಪ ಬಿತ್ತು. ಅಲ್ಲಿಯ ಕೋಟೆಗೂ ಇಲ್ಲಿಯ ಕೋಟೆಗೂ ಹಾಗೊಂದು ನಂಟು” ಎಂದು ಮಕ್ಕಳಿಗೆ ಪಾಠ ಹೇಳಿದರು. ಬಳಿಕ ಏನೋ ನೆನಪಾದವರಂತೆ ಎದ್ದು, ತಮ್ಮ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಪ್ಪು ಹಾಳೆಯ ಆಲ್ಬಮ್ಮನ್ನು ತೆಗೆದರು.

ಅದು ಅವರ ಕಿರಿಯ ತಮ್ಮನ ಬಳಿ ಇದ್ದದ್ದು. ಆತ ಹಿಂದಿನ ವರ್ಷ ತೀರಿಕೊಂಡ ಮೇಲೆ ನಾದಿನಿ ಅದನ್ನು ಇವರಿಗೆ ಕೊಟ್ಟಿದ್ದರು. ಒಳಗೆ ಇದ್ದುದು ಹನ್ನೆರಡೇ ಪಟಗಳು. ಅಂಗೈಯಗಲದ, ಚೌಕನಾದ, ಕಪ್ಪು ಬಿಳುಪಿನ ಪಟಗಳು. ಅವನ್ನು ತೆಗೆದವರು ಸೋದರಮಾವ. ಮಾವ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಬಳದಲ್ಲಿ ಉಳಿಸಿ ಒಂದು ಆಗ್ಫಾ ಕ್ಲಿಕ್ ಕ್ಯಾಮರಾ ಕೊಂಡಿದ್ದರು. ಒಂದು ಸುರುಳಿಗೆ ಹನ್ನೆರಡು ಪಟ. ಬಿಸಿಲಿದ್ದರೆ ಮಾತ್ರ ಬೀಳುವುದು. ಆದ್ದರಿಂದ ಒಂದೊಂದು ಸಲ ಗುಂಡಿ ಒತ್ತುವ ಮುನ್ನವೂ ಮಾವ ಸೂರ್ಯನನ್ನು ನೋಡಿ, ಮಕ್ಕಳನ್ನು ಗದರಿಸಿ, ಉಸಿರು ಹಿಡಿದು ನಿಲ್ಲುತ್ತಿದ್ದರಂತೆ. ಪ್ರತಿಯೊಂದು ಪಟದ ಬೆನ್ನಿನಲ್ಲೂ ನೀಲಿ ಮಸಿಯಲ್ಲಿ ಅವರ ದುಂಡಾದ ಅಕ್ಷರ: ಸ್ಥಳ, ತಿಂಗಳು, ‘1968’.

ಹಾಳೆಗಳು ಒಂದೊಂದಾಗಿ ತಿರುವಿದವು. ರಂಗನಾಥನ ಗುಡಿಯ ಗೋಪುರದ ಮುಂದೆ ಕಣ್ಣು ಕಿರಿದು ಮಾಡಿಕೊಂಡ ಇಬ್ಬರು ಹುಡುಗರು. ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ಸೇತುವೆ ಅದು. ಗಂಜಾಮಿನ ಮನೆಯ ಹಿತ್ತಿಲಿನಲ್ಲಿ ಅಂಜೂರದ ಬುಟ್ಟಿ ಹಿಡಿದ ಅಮ್ಮ. ರಂಗನತಿಟ್ಟಿನಲ್ಲಿ ಹರಿಗೋಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದ ಕಿರಿಯ ಹುಡುಗ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ತಿಟ್ಟುಗಳಲ್ಲಿ ಮೊಸಳೆಯ ಪಟ ತೆಗೆದೇ ತೀರುವೆನೆಂದು ಮಾವ ಒಂದು ಪಟವನ್ನು ವೆಚ್ಚ ಮಾಡಿದ್ದರು. ಬಂದದ್ದು ಒಂದು ಬಂಡೆ. ಅದರ ಬೆನ್ನಿನಲ್ಲಿ ಮಾವ ‘ಮೊಸಳೆ’ ಎಂದೇ ಬರೆದು ಒಂದು ಪ್ರಶ್ನೆಯ ಗುರುತನ್ನು ಹಾಕಿದ್ದರು.

ಪಟಗಳನ್ನು ತೋರಿಸಿದವರು ಮೇಷ್ಟರು. ಕಥೆಯನ್ನು ಹೇಳಿದವರು ಮಾತ್ರ ಅಕ್ಕ. ಹರಿಗೋಲು ಸುತ್ತು ತಿರುಗಿದಾಗ ಚಿಕ್ಕ ತಮ್ಮ ಯಾವ ದೇವರ ಹೆಸರನ್ನು ಕೂಗಿದ, ಅಜ್ಜಿ ರಾತ್ರಿ ಊಟಕ್ಕೆ ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ ಹೇಗೆ ಕೈತುತ್ತು ಹಾಕುತ್ತಿದ್ದಳು, ಮೊಸಳೆಯೆಂದು ಮಾವ ಎಷ್ಟು ಹೊತ್ತು ಬಂಡೆಯ ಮುಂದೆ ಮೌನವಾಗಿ ಕುಳಿತಿದ್ದರು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿತ್ತು. ದರಿಯಾ ದೌಲತ್ತಿನ ಪಟ ಬಂದಾಗಲಂತೂ ಮಕ್ಕಳು ಹತ್ತಿರ ಸರಿದರು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಗೆಯ ಅರಮನೆಯ ಪಡುವಣ ಗೋಡೆಯ ತುಂಬ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಮಾವನ ಕ್ಯಾಮರಾಕ್ಕೆ ನೆರಳಿನಲ್ಲಿ ಪಟ ಬೀಳದು. ಹೊರಗಿನಿಂದ ಕಟ್ಟಡ ಮಾತ್ರ ಬಂದಿತ್ತು. ಅಕ್ಕ ಗೋಡೆಯ ಚಿತ್ರವನ್ನೇ ಕಣ್ಣಿಗೆ ಕಟ್ಟಿಸಿದರು: “ಅಷ್ಟು ಕುದುರೆ, ಅಷ್ಟು ಆನೆ, ಅಷ್ಟು ಕತ್ತಿ. ನಡುವೆ ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಪಾಪ, ಸೋತೆನೆಂದು ಅವನಿಗಾಗಲೇ ತಿಳಿದಿದೆ.”

ಕೊನೆಯ ಪಟ ಗಂಜಾಮಿನ ಮನೆಯ ಜಗಲಿಯದು. ಅಜ್ಜಿ, ಅಮ್ಮ, ಅತ್ತೆ, ಇಬ್ಬರು ಹುಡುಗರು, ಪಕ್ಕದ ಮನೆಯ ಕರು. ಒಂಬತ್ತು ವರ್ಷದ ಮೊಮ್ಮಗಳು ಹನ್ನೆರಡು ಪಟಗಳನ್ನೂ ಮತ್ತೊಮ್ಮೆ ಹಿಂದಿನಿಂದ ಮುಂದಕ್ಕೆ ತಿರುವಿ ನೋಡಿ ಕೇಳಿದಳು:

“ಅಜ್ಜಿ, ಇದರಲ್ಲೆಲ್ಲ ನೀನೆಲ್ಲಿ?”

ಅಕ್ಕ ಉತ್ತರ ಕೊಡಲಿಲ್ಲ. ಮೇಷ್ಟರೇ ಕೊಟ್ಟರು. “ಇದ್ದಳಮ್ಮ, ಇಲ್ಲದೆ ಏನು? ಸಂಗಮದಲ್ಲಿ ನನ್ನ ಕೈ ಹಿಡಿದುಕೊಂಡವಳು ಇವಳೇ. ಪಟ ತೆಗೆಯುವ ಹೊತ್ತಿಗೆ ಒಳಗೆ ಅಡಿಗೆ ಮನೆಯಲ್ಲಿದ್ದಿರಬೇಕು. ಅಲ್ಲವೇನಕ್ಕ?”

“ಅಡಿಗೆ ಮನೆಯಲ್ಲೇ ಇದ್ದೆ ಕಣೋ” ಎಂದರು ಅಕ್ಕ. “ಗಂಜಾಮಿನ ಅಡಿಗೆ ಮನೆಯಲ್ಲಲ್ಲ, ನಾಗಮಂಗಲದ ಅಡಿಗೆ ಮನೆಯಲ್ಲಿ.”

ಹಜಾರದಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಮೇಷ್ಟರು ನಕ್ಕು, ತಮಾಷೆಯಿರಬೇಕೆಂದು ಅಕ್ಕನ ಮುಖವನ್ನು ನೋಡಿದರು. ತಮಾಷೆಯಿರಲಿಲ್ಲ.

1968ರಲ್ಲಿ ಅಕ್ಕನಿಗೆ ಹದಿಮೂರು. ತಂದೆ ನಾಗಮಂಗಲದ ಹಿತ್ತಾಳೆ ಪಾತ್ರೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ತಂದೆಯ ತಾಯಿಗೆ ಪಾರ್ಶ್ವವಾಯು ಬಡಿದು ಐದು ವರ್ಷಗಳಿಂದ ಹಾಸಿಗೆ ಹಿಡಿದಿದ್ದಳು. ಆ ಐದು ವರ್ಷಗಳಲ್ಲಿ ತಾಯಿ ತವರಿನ ಹೊಸಿಲು ತುಳಿದಿರಲಿಲ್ಲ. ಆ ಬೇಸಗೆ, ಬಂದೇ ಬರಬೇಕೆಂದು ಶ್ರೀರಂಗಪಟ್ಟಣದಿಂದ ಅಜ್ಜಿ ಹೇಳಿಕಳುಹಿಸಿದ್ದಳು. ತಾಯಿ ಹೋಗುವುದಾದರೆ ಮುದುಕಿಯನ್ನು ಮಗ್ಗುಲು ಹೊರಳಿಸುವವರಾರು, ತಂದೆಗೆ ಮುದ್ದೆ ಬೇಯಿಸುವವರಾರು, ದೂರದ ಬಾವಿಯಿಂದ ನೀರು ತರುವವರಾರು? ಈ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಹೊರಡುವ ಹಿಂದಿನ ರಾತ್ರಿ ತಗಡಿನ ಪೆಟ್ಟಿಗೆಯಲ್ಲಿ ಮೂವರು ಮಕ್ಕಳ ಬಟ್ಟೆಯೂ ಇತ್ತು. ಬೆಳಿಗ್ಗೆ ಎದ್ದಾಗ ಹುಡುಗಿಯ ಹಸಿರು ಲಂಗ ಗೂಟಕ್ಕೆ ಬಂದಿತ್ತು. ಅಷ್ಟರಿಂದಲೇ ತೀರ್ಮಾನವಾಯಿತು. ಪೆಟ್ಟಿಗೆಯ ಒಂದು ಕಡೆಯ ಹಿಡಿಯನ್ನು ಅವಳೇ ಹಿಡಿದು ಬಸ್ಸಿನವರೆಗೆ ಹೊತ್ತು ಕೊಟ್ಟುಬಂದಳು.

ತಮ್ಮಂದಿರು ಒಂದು ತಿಂಗಳು ಬಿಟ್ಟು, ಮೈ ಕಪ್ಪಾಗಿ, ಬಾಯ ತುಂಬ ಮಾತು ತುಂಬಿಕೊಂಡು ಬಂದರು. ಹುಡುಗಿ ಮೊದಲ ರಾತ್ರಿ ಏನೂ ಕೇಳಲಿಲ್ಲ. ಎರಡನೆಯ ರಾತ್ರಿ ಕೇಳತೊಡಗಿದಳು. ಹೊಳೆಯ ನೀರು ಎಲ್ಲಿಯವರೆಗೆ ಬರುತ್ತದೆ? ಹರಿಗೋಲು ತೊಗಲಿನದೋ ಬಿದಿರಿನದೋ? ಬೆರಳು ಕಚ್ಚುವ ಕರ್ನಲ್ಲನಿಗೆ ಮೀಸೆಯಿದೆಯೇ? ಒಬ್ಬ ಮರೆತದ್ದನ್ನು ಇನ್ನೊಬ್ಬನಿಂದ ಕೇಳಿ, ಇಬ್ಬರ ಮಾತಿಗೂ ತಾಳೆ ಬೀಳದಿದ್ದರೆ ಇಬ್ಬರನ್ನೂ ಎದುರಿಗೆ ಕೂರಿಸಿ ವಿಚಾರಿಸಿ, ಆ ಬೇಸಗೆಯನ್ನು ದಾರದಲ್ಲಿ ಹೂವು ಕಟ್ಟಿದಂತೆ ಕಟ್ಟಿಕೊಂಡಳು. ಮಾವ ಪಟಗಳನ್ನು ಮೈಸೂರಿನಲ್ಲಿ ತೊಳೆಸಿ ತಂದಾಗ ಅವನ್ನು ಮೊದಲು ಕೈಗೆ ತೆಗೆದುಕೊಂಡವಳೂ ಅವಳೇ. ಹುಡುಗರು ಶಾಲೆ ತೆರೆದ ಮೇಲೆ ಮರೆತರು. ಅವಳು ಮರೆಯಲಿಲ್ಲ. ಮರುವರ್ಷ ಗಂಜಾಮಿನ ಅಜ್ಜಿ ತೀರಿಕೊಂಡಳು, ಮನೆ ಮಾರಿಹೋಯಿತು. ಅಂತಹ ರಜ ಇನ್ನೊಂದು ಬರಲಿಲ್ಲ. ಮುಂದೆ ತನ್ನ ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಕಥೆ ಬೇಕಾದಾಗಲೆಲ್ಲ ಅಕ್ಕ ಹೇಳಿದ್ದು ಈ ಬೇಸಗೆಯನ್ನೇ. ‘ನಾನು ಹೋಗಿದ್ದೆ’ ಎಂದು ಒಮ್ಮೆಯೂ ಸುಳ್ಳು ಹೇಳಿದವರಲ್ಲ. ಹೋಗಿರಲಿಲ್ಲವೆಂದು ಹೇಳುವ ಸಂದರ್ಭವೂ ಬರಲಿಲ್ಲ. ಏಕೆಂದರೆ ಯಾರೂ ಕೇಳಲಿಲ್ಲ.

“ಬೇಜಾರಾಗಲಿಲ್ಲವೇನಕ್ಕ?” ಎಂದರು ಮೇಷ್ಟರು. ಧ್ವನಿ ಬಹಳ ಇಳಿದಿತ್ತು.

“ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಗೂಟದ ಮೇಲಿನ ಲಂಗ ಈಗಲೂ ಕಣ್ಣಿಗೆ ಕಟ್ಟಿದೆ. ಆಮೇಲೆ ಬೇಜಾರು ಮಾಡಿಕೊಳ್ಳುವುದಕ್ಕೆ ಪುರಸೊತ್ತಿರಲಿಲ್ಲ. ಅಮ್ಮನ ಮೇಲೆ ಸಿಟ್ಟಿಲ್ಲಪ್ಪ. ಅವಳೂ ಐದು ವರ್ಷ ತವರು ಕಂಡಿರಲಿಲ್ಲ.” ಸ್ವಲ್ಪ ತಡೆದು, ಆಲ್ಬಮ್ಮನ್ನು ಮುಚ್ಚುತ್ತ ಸೇರಿಸಿದರು: “ಇಷ್ಟು ವರ್ಷ ಈ ಪಟಗಳನ್ನು ಎಷ್ಟು ಸಲ ನೋಡಿದಿರಿ ನೀವಿಬ್ಬರೂ. ನಾನಿಲ್ಲವೆಂದು ಒಬ್ಬರಿಗೂ ಹೊಳೆಯಲಿಲ್ಲವಲ್ಲ, ಅದೊಂದು.”

ಆ ರಾತ್ರಿ ಮೇಷ್ಟರಿಗೆ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ತೇದಿಗಳನ್ನು ಕಲಿಸಿದವರು. 1799ರ ಮೇ ನಾಲ್ಕರ ಮಧ್ಯಾಹ್ನ ಯಾವ ಪಡೆ ಕೋಟೆಯ ಯಾವ ಭಾಗದಲ್ಲಿ ನುಗ್ಗಿತೆಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲರು. 1968ರ ಮೇ ತಿಂಗಳಲ್ಲಿ ತಮ್ಮ ಒಡಹುಟ್ಟಿದವಳು ಎಲ್ಲಿದ್ದಳೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಯದಿದ್ದುದು ಮಾತ್ರವಲ್ಲ, ಸಂಗಮದಲ್ಲಿ ಆಕೆ ಕೈ ಹಿಡಿದಿದ್ದಳೆಂದು ಪ್ರಮಾಣ ಮಾಡಲೂ ಸಿದ್ಧರಾಗಿದ್ದರು. ಕೈ ಹಿಡಿದವಳು ಅತ್ತೆಯಿರಬಹುದು. ಅಕ್ಕ ಅಷ್ಟು ಸಲ ಆ ಕಥೆಯನ್ನು ಹೇಳಿದ್ದರಿಂದ, ಹೇಳಿದವಳೇ ಕೈ ಹಿಡಿದವಳಾಗಿ ಅವರ ನೆನಪಿನೊಳಗೆ ಬಂದು ನಿಂತಿದ್ದಳು. ಮನುಷ್ಯನ ನೆನಪು ಎಂಥ ಸಾಕ್ಷಿ! ಪರರ ಉಪಕಾರವನ್ನು ಇಟ್ಟುಕೊಳ್ಳುತ್ತದೆ. ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನು ಬಿಟ್ಟುಬಿಡುತ್ತದೆ.

ಬೆಳಿಗ್ಗೆ ಅವರು ಒಂದೇ ಮಾತು ಹೇಳಿದರು: “ಅಕ್ಕ, ಹೊರಡು. ಶ್ರೀರಂಗಪಟ್ಟಣಕ್ಕೆ ಹೋಗಿಬರೋಣ.”

ಅಕ್ಕ ಹತ್ತು ನೆಪ ಹೇಳಿದರು. ಮೇ ತಿಂಗಳ ಬಿಸಿಲು, ಮಂಡಿನೋವು, ಡೈರಿಗೆ ಹಾಲು ಹಾಕುವವರಿಲ್ಲ. ತಾನೇನು ಆ ಊರು ಕಾಣದವಳೇ, ಹುಟ್ಟಿದ್ದೇ ಅಲ್ಲಿ. ಮೈಸೂರಿನ ಆಸ್ಪತ್ರೆಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ನೋಡಿಲ್ಲವೇ ಎಂದರು. ಸೊಸೆ ಹಾಲಿನ ಹೊಣೆ ಹೊತ್ತಳು. ಮೊಮ್ಮಗಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

ದಾರಿ ಚಿನಕುರಳಿಯನ್ನು ಹಾದು ಪಾಂಡವಪುರಕ್ಕೆ ಬಂತು. ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬೀಡಿದ್ದುದರಿಂದ ಇಂಗ್ಲಿಷರು ಆ ಊರನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದಿದ್ದರು. ಕುಂತಿಬೆಟ್ಟ ಕಂಡಾಗ ಅಕ್ಕ ಕಿಟಕಿಗೆ ಮುಖ ಕೊಟ್ಟರು. ಮಾವ ಕಾರ್ಖಾನೆಯಿಂದ ರಜ ಪಡೆದು ಸೈಕಲ್ಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದ ದಾರಿ ಇದೇ ಎಂದು ಮೊಮ್ಮಗಳಿಗೆ ತೋರಿಸಿದರು.

ಕೋಟೆಯೊಳಗೆ ರೈಲು ನಿಲ್ದಾಣದ ಬಳಿ ಮೇಷ್ಟರು ಟಿಪ್ಪುವಿನ ಮದ್ದಿನ ಮನೆಯನ್ನು ತೋರಿಸಿದರು. ರೈಲು ಹಳಿಯನ್ನು ಜೋಡಿ ಮಾಡಲೆಂದು ಆ ಕಟ್ಟಡವನ್ನು ಒಡೆಯದೆ, ಬುಡಸಹಿತ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದಾರೆ. “ಅಷ್ಟು ದೊಡ್ಡ ಕಟ್ಟಡವನ್ನು ಇಷ್ಟು ದೂರ ತಂದರೇ?” ಎಂದು ಅಕ್ಕ ಮೂಗಿನ ಮೇಲೆ ಬೆರಳಿಟ್ಟರು. ಮನೆಯೊಂದನ್ನು ನೋಡಬೇಕೆಂದು ಗಂಜಾಮಿಗೆ ಹೋದರು. ಅಲ್ಲಿ ಜಗಲಿಯೂ ಇರಲಿಲ್ಲ, ಹಿತ್ತಿಲೂ ಇರಲಿಲ್ಲ, ಎರಡು ಮಹಡಿಯ ಕಟ್ಟಡವೊಂದಿತ್ತು. ಅಕ್ಕ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ದರಿಯಾ ದೌಲತ್ತಿನಲ್ಲಿ ನಡೆದುದನ್ನು ಮೇಷ್ಟರು ಆಮೇಲೆ ಅನೇಕರಿಗೆ ಹೇಳಿದ್ದಾರೆ. ಪಡುವಣ ಗೋಡೆಯ ಮುಂದೆ ಪ್ರವಾಸಿಗಳ ಗುಂಪು ನಿಂತಿತ್ತು. ಸಾವಿರ ಮುಖಗಳು, ಕುದುರೆಗಳು, ಹೊಗೆ, ರಕ್ತ. ಎಲ್ಲಿ ನೋಡಬೇಕೆಂದು ತಿಳಿಯದೆ ಜನ ತಡಕಾಡುತ್ತಿದ್ದರು. ಮೇಷ್ಟರೂ ಕನ್ನಡಕ ಒರೆಸಿಕೊಂಡು ಹುಡುಕತೊಡಗಿದ್ದರು. ಅಷ್ಟರಲ್ಲಿ ಅಕ್ಕ ಮೊಮ್ಮಗಳ ತಲೆಯನ್ನು ಮೆಲ್ಲನೆ ತಿರುಗಿಸಿ, “ಅಗೋ, ಪಲ್ಲಕ್ಕಿ. ಬೆರಳು ಕಚ್ಚುತ್ತಿದ್ದಾನೆ ನೋಡು” ಎಂದರು. ಆ ಗೋಡೆಯ ಮುಂದೆ ಅವರು ನಿಂತದ್ದು ಅದೇ ಮೊದಲು. ಸ್ವಲ್ಪ ಹೊತ್ತು ನೋಡಿ, “ಇದೊಂದು ಮಾತ್ರ ನೀವು ಹೇಳಿದ ಹಾಗೆಯೇ ಇದೆ” ಎಂದು ತಮ್ಮನಿಗೆ ಹೇಳಿದರು.

ಸಂಗಮಕ್ಕೆ ಬಂದಾಗ ಇಳಿಹೊತ್ತು. ಬೇಸಗೆಯ ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. “ಮೇ ತಿಂಗಳಲ್ಲಿ ಇದು ದ್ವೀಪವೇ ಅಲ್ಲ” ಎಂದರು ಮೇಷ್ಟರು. “ಹೊಳೆಯಲ್ಲಿ ನೀರಿಳಿದಿತ್ತು, ಸೈನಿಕರು ನಡೆದೇ ದಾಟಿದರು. ಮಳೆ ಹಿಡಿದು ಹೊಳೆ ತುಂಬುವವರೆಗೆ ಕೋಟೆ ತಡೆದಿದ್ದರೆ ಕಥೆಯೇ ಬೇರೆಯಾಗುತ್ತಿತ್ತೋ ಏನೋ.” ಅಕ್ಕ ಚರಿತ್ರೆಯನ್ನು ಕೇಳುತ್ತಿರಲಿಲ್ಲ. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು, ಮೆಟ್ಟಿಲಿಳಿದು ಮೊಣಕಾಲಿನವರೆಗೆ ನೀರಿನಲ್ಲಿ ನಿಂತರು.

“ಆನೆಯಷ್ಟು ದೊಡ್ಡ ಬಂಡೆ ಎಂದಿದ್ದೆಯಲ್ಲೋ, ಎಲ್ಲಿ?”

ಮೇಷ್ಟರು ಒಂದು ಬಂಡೆಯನ್ನು ತೋರಿಸಿದರು. ಎಮ್ಮೆಯ ಕರುವಿಗಿಂತ ದೊಡ್ಡದಿರಲಿಲ್ಲ. ಅಕ್ಕ ಜೋರಾಗಿ ನಕ್ಕರು. ಐವತ್ತು ವರ್ಷಕ್ಕೂ ಮಿಗಿಲಾಗಿ ಆ ಬಂಡೆಯನ್ನು ಆನೆಯೆಂದೇ ಮಕ್ಕಳಿಗೆ ಹೇಳಿಕೊಂಡು ಬಂದಿದ್ದರು. ಮೇಷ್ಟರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. “ಅಕ್ಕ, ನಿನ್ನನ್ನು ಬಿಟ್ಟುಬಂದದ್ದು ತಪ್ಪಾಯಿತು” ಎಂದರು.

“ನೀನು ಹನ್ನೊಂದು ವರ್ಷದವನು. ಬಿಟ್ಟುಬರುವುದಕ್ಕೆ ನೀನು ಯಾರು?” ಎಂದರು ಅಕ್ಕ. ಬಳಿಕ ನೀರನ್ನೇ ನೋಡುತ್ತ ಹೇಳಿದರು: “ಅಲ್ಲಿ ಕರೀಘಟ್ಟದ ಬುಡದಲ್ಲಿ ಕಾವೇರಿಗೆ ಸೇರುವ ಲೋಕಪಾವನಿ ಹುಟ್ಟುವುದು ನಮ್ಮ ನಾಗಮಂಗಲದ ಸೀಮೆಯಲ್ಲಿ. ನಮ್ಮ ಕೃಷ್ಣರಾಜಪೇಟೆಯ ಹೇಮಾವತಿಯೂ ಕನ್ನಂಬಾಡಿ ಕಟ್ಟೆಯಲ್ಲಿ ಬೆರೆತು ಇಲ್ಲಿಗೇ ಬರುತ್ತಾಳೆ. ಹುಟ್ಟಿದ ಊರಿನ ನೀರೂ ಇಲ್ಲಿಗೇ, ಕೊಟ್ಟ ಊರಿನ ನೀರೂ ಇಲ್ಲಿಗೇ. ನಾನೊಬ್ಬಳು ತಡವಾಗಿ ಬಂದೆ, ಅಷ್ಟೆ.”

ಮೊಮ್ಮಗಳು ಮೊಬೈಲು ಎತ್ತಿ ಹಿಡಿದಿದ್ದಳು. ಹತ್ತಾರು ಪಟ ತೆಗೆಯಲು ಹೊರಟವಳನ್ನು ಮೇಷ್ಟರು ತಡೆದರು. “ಒಂದೇ ಸಾಕು. ಬಿಸಿಲು ನೋಡು, ಉಸಿರು ಹಿಡಿ, ಆಮೇಲೆ ಒತ್ತು.” ಮಗು ಹಾಗೆಯೇ ಮಾಡಿದಳು.

ಮೈಸೂರಿಗೆ ಮರಳಿದ ಮೇಷ್ಟರು ಅದನ್ನು ಅಂಗೈಯಗಲದ ಚೌಕದಲ್ಲಿ ಅಚ್ಚು ಹಾಕಿಸಿ, ಆಲ್ಬಮ್ಮಿನೊಂದಿಗೆ ಅಕ್ಕನ ಮನೆಗೆ ತಂದುಕೊಟ್ಟರು. ಆಲ್ಬಮ್ ಇನ್ನು ಅಲ್ಲಿಯೇ ಇರತಕ್ಕದ್ದೆಂದು ಅವರ ಅಭಿಪ್ರಾಯ. ಹದಿಮೂರನೆಯ ಪಟದ ಬೆನ್ನಿನಲ್ಲಿ ಬರೆಯಲು ಅಕ್ಕನ ಕೈಗೇ ಲೇಖನಿ ಕೊಟ್ಟರು. ಅಕ್ಕ ಬಹಳ ಹೊತ್ತು ಯೋಚಿಸಲಿಲ್ಲ. ‘ಸಂಗಮ. ಮೇ ತಿಂಗಳು. ಬೇಸಗೆ ರಜ’ ಎಂದು ಬರೆದು, ಮಸಿ ಆರಲೆಂದು ಬಿಸಿಲಿಗೆ ಹಿಡಿದರು.